ತೆಂಕು, ಮೂಡು, ಗುದ್ದು

ಕಳೆದ ತಿಂಗಳು ಉಡುಪಿಯಲ್ಲಿ ಕಣ್ಣು ತೋರಿಸಲು ಹೋಗಿದ್ದೆ. ನಲವತ್ತು ದಾಟಿದವರಿಗೆಲ್ಲ ಬರುವ ಸಣ್ಣ ಅಕ್ಷರದ ತೊಂದರೆ, ಅಷ್ಟೆ. ಎದುರಿನ ಗೋಡೆಯಲ್ಲಿ ಕನ್ನಡ ಅಕ್ಷರಗಳ ಹಲಗೆ ತೂಗುಹಾಕಿದ್ದರು. ಮೇಲೆ ಒಂದೇ ಒಂದು ದೊಡ್ಡ ಅಕ್ಷರ, ಅದರ ಕೆಳಗೆ ಎರಡು, ಹಾಗೇ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಇರುವೆ ಸಾಲು. ಒಂದು ಕಣ್ಣು ಮುಚ್ಚಿಕೊಂಡು ಓದಿ ಎಂದಳು ಅಲ್ಲಿಯ ಹುಡುಗಿ. ನಾನು ಓದಲಿಲ್ಲ. ಅಚ್ಚಿನ ಅಳತೆಯಲ್ಲಿ ಮೇಲಿನದು ಎಪ್ಪತ್ತೆರಡು ಪಾಯಿಂಟಿಗಿಂತ ದೊಡ್ಡದು, ಎರಡನೇ ಸಾಲು ಅರವತ್ತು ಇರಬಹುದು, ಮೂರನೆಯದು ನಲವತ್ತೆಂಟು... ಎಂದು ಲೆಕ್ಕ ಹಾಕುತ್ತಾ ಕುಳಿತುಬಿಟ್ಟಿದ್ದೆ. "ಕಾಣ್ತಾ ಇಲ್ವಾ ಮೇಡಂ?" ಎಂದು ಅವಳು ಎರಡನೇ ಸಲ ಕೇಳಿದ ಮೇಲೆ ಎಚ್ಚರವಾಯಿತು. ಓದಿದೆ, ಕನ್ನಡಕದ ಚೀಟಿ ಬರೆಸಿಕೊಂಡೆ, ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಹಿಂದೆ ನಾನು ಕೆಲಸಕ್ಕಿದ್ದಲ್ಲಿನ ಪಕ್ಕದ ಅಂಗಡಿಯವರು ನೆನಪಾಗಿದ್ದರು.

ಆಗ ನಾನು ಕಟಪಾಡಿ ಜಂಕ್ಷನ್ನಿನಲ್ಲಿ, ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯ ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿದ್ದಿರಬೇಕು. ನಾವು ಬಾಗಲಕೋಟೆ ಕಡೆಯವರು. ಅಪ್ಪ ಮಣಿಪಾಲದ ಕಟ್ಟಡಗಳಲ್ಲಿ ಗೌಂಡಿ ಕೆಲಸಕ್ಕೆಂದು ಬಂದವನು, ಅವನ ಹಿಂದೆ ನಾವೂ ಬಂದೆವು. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು ಆ ಅಂಗಡಿ ಸೇರಿದಾಗ ನನಗೆ ಇಪ್ಪತ್ತೊಂದು. ಮದುವೆ ಕಾಗದ, ಭೂತದ ನೇಮದ ನೋಟಿಸು, ಬಾಡಿಗೆ ಕರಾರು, ಭಜನಾ ಮಂಡಳಿಯ ವರದಿ, ಇವೇ ಕೆಲಸ. ಸುತ್ತ ಎಲ್ಲರದೂ ತುಳು. ನನ್ನ ಬಾಯಿಂದ 'ಹೌದ್ರೀ' ಬಂತೋ ಇಲ್ಲವೋ, ಮೆಟ್ಟಿಲ ಮೇಲೆ ಕುಳಿತ ಹುಡುಗರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಅದಕ್ಕೇ ನಾನು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದೆ.

ಪಕ್ಕದ್ದು ವಿಡಿಯೋ ಗೇಮ್ ಅಂಗಡಿ. ನಾಲ್ಕು ಟಿ.ವಿ., ನಾಲ್ಕು ಗೇಮ್ ಪೆಟ್ಟಿಗೆ, ಎರಡು ಉದ್ದ ಬೆಂಚು. ಗಂಟೆಯ ಲೆಕ್ಕದಲ್ಲಿ ಆಡುವುದು. ಓಟದ ಆಟ, ಚೆಂಡಿನ ಆಟ ಎಲ್ಲ ಇದ್ದರೂ ಹುಡುಗರು ಮುಗಿಬೀಳುತ್ತಿದ್ದದ್ದು ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟಕ್ಕೆ. ನಡೆಸುತ್ತಿದ್ದವರಿಗೆ ಮೂವತ್ತೈದರ ಆಸುಪಾಸು. ಎಲ್ಲೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹುಡುಗರು ಅಣ್ಣ ಎನ್ನುತ್ತಿದ್ದರು, ನಾನು ನಮ್ಮ ಕಡೆಯ ರೂಢಿಯಂತೆ ಅಣ್ಣಾರ ಎನ್ನುತ್ತಿದ್ದೆ. ನನ್ನ ಮಾತಿಗೆ ನಗದೆ ಇದ್ದವರು ಆ ಕಾಂಪ್ಲೆಕ್ಸಿನಲ್ಲಿ ಅವರೊಬ್ಬರೇ. ನನಗೆ ಅರ್ಥವಾಗಲಿ ಎಂದು ಪಾಠದ ಪುಸ್ತಕ ಓದಿದ ಹಾಗೆ ಬಿಡಿಸಿ ಬಿಡಿಸಿ ಕನ್ನಡ ಮಾತಾಡುತ್ತಿದ್ದರು.

ಅವರ ಅಂಗಡಿಯಲ್ಲೊಂದು ಪದ್ಧತಿ ಇತ್ತು. ಭಾನುವಾರ ಬೆಳಿಗ್ಗೆಯಿಂದ ಹುಡುಗರು ಒಬ್ಬರ ಮೇಲೊಬ್ಬರು ಆಡಿ, ಕೊನೆಗೆ ಗೆದ್ದು ಉಳಿದವನು ಅಂಗಡಿಯವರ ಜೊತೆ ಒಂದು ಆಟ ಆಡಬೇಕು. ಬೇರೆ ಹೊತ್ತಿನಲ್ಲಿ ಬೆಂಚಿನವರು ಹೇಗೆ ಬೇಕಾದರೂ ಕೂಗಿ ಹೇಳಿಕೊಡಬಹುದು, ಈ ಆಟಕ್ಕೆ ಮಾತ್ರ ಹೊರಗಿನ ಬಾಯಿ ಇಲ್ಲ. ಅವರು ಸೋತದ್ದನ್ನು ಯಾರೂ ನೋಡಿರಲಿಲ್ಲ. ಅವರನ್ನು ಸೋಲಿಸುತ್ತೇವೆ ಎಂದು ಕಾಪುವಿನಿಂದ, ಹೆಜಮಾಡಿಯಿಂದ ಕೂಡ ಹುಡುಗರು ಬರುತ್ತಿದ್ದರು. ಆಡುವಾಗ ಅವರು ಟಿ.ವಿ.ಯನ್ನು ನೇರ ನೋಡುತ್ತಿರಲಿಲ್ಲ, ಕೋಳಿ ಕಾಳು ನೋಡಿದ ಹಾಗೆ ತಲೆ ಒಂದು ಬದಿಗೆ ತಿರುಗಿಸಿ ನೋಡುತ್ತಿದ್ದರು. ಹುಡುಗರು ಅದನ್ನು ಗತ್ತು ಎಂದುಕೊಂಡು ತಾವೂ ತಲೆ ಓರೆ ಮಾಡಿ ಆಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಒಂದು ಕಟ್ಟು ಕಾಗದ ಹಿಡಿದು ನಮ್ಮ ಅಂಗಡಿಗೆ ಬಂದರು. ಇಂಟರ್ನೆಟ್ಟಿನಿಂದ ಯಾರಿಂದಲೋ ಪ್ರಿಂಟ್ ತೆಗೆಸಿದ್ದು. ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಕೂಡಿಸುವ ಚಿಹ್ನೆ, ಮತ್ತೆ ಅಕ್ಷರ... ಬೀಜಗಣಿತದ ಹಾಗೆ ಕಂಡಿತು.

"ಇದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಮಾಡಿ ಕೊಡ್ಲಿಕ್ಕೆ ಆಗ್ತದಾ?"

"ಇದೇನ್ರೀ ಅಣ್ಣಾರ, ನಂಗೇನೂ ತಿಳಿವಲ್ದು."

ಹೊಡೆದಾಟದ ಆಟದಲ್ಲಿ ಯಾವ ಹೊಡೆತಕ್ಕೆ ಯಾವ ಗುಂಡಿ ಒತ್ತಬೇಕು ಎಂಬ ಪಟ್ಟಿ ಅದು. ಅವರು ಕೌಂಟರಿನ ಗಾಜಿನ ಮೇಲೆ ಹೆಬ್ಬೆರಳಿಟ್ಟು ಹೇಳಿಕೊಟ್ಟರು. ಡಿ ಎಂದರೆ ದಿಕ್ಕಿನ ಗುಂಡಿಯನ್ನು ಕೆಳಗೆ ಒತ್ತುವುದು. ಎಫ್ ಎಂದರೆ ಎದುರಾಳಿಯ ಕಡೆಗೆ, ಬಿ ಎಂದರೆ ಅವನಿಂದ ದೂರಕ್ಕೆ. ಡಿ ಮತ್ತು ಎಫ್ ಅಂಟಿಕೊಂಡಿದ್ದರೆ ಎರಡರ ನಡುವಿನ ಮೂಲೆ. ಪಿ ಗುದ್ದು, ಕೆ ಒದೆ. ಅವರ ಬೆರಳು ಕೆಳಗಿನಿಂದ ಮೂಲೆಗೆ, ಮೂಲೆಯಿಂದ ಬದಿಗೆ ಕಾಲು ಚಕ್ರ ಸುತ್ತಿ ನಿಂತಿತು. "ಈಗ ಗುದ್ದಿದ್ರೆ ಕೈಯಿಂದ ಬೆಂಕಿ ಬರ್ತದೆ," ಎಂದರು, ತೀರಾ ಸಹಜವಾಗಿ.

ಆದರೆ ಆ ಅಂಗಡಿಯಲ್ಲಿ ಎಡ, ಬಲ, ಮೇಲೆ, ಕೆಳಗೆ ಎಂದು ಯಾರೂ ಹೇಳುತ್ತಿರಲಿಲ್ಲ. ಈ ಊರಿನಲ್ಲಿ ದಾರಿ ಕೇಳಿದರೂ ಹಾಗೆಯೇ, ಪಡುವಿಗೆ ಹೋಗಿ, ತೆಂಕಿಗೆ ತಿರುಗಿ ಎನ್ನುತ್ತಾರೆ. ಬಂದ ಹೊಸತರಲ್ಲಿ ನಾನು ಸೂರ್ಯನನ್ನು ಹುಡುಕುತ್ತಾ ನಿಲ್ಲುತ್ತಿದ್ದೆ. ಅವರ ಟಿ.ವಿ.ಗಳು ಬಡಗು, ಅಂದರೆ ಉತ್ತರದ ಗೋಡೆಯಲ್ಲಿದ್ದವು. ಆಡುವವನು ಬಡಗಿಗೆ ಮುಖ ಮಾಡಿ ಕೂತರೆ ಅವನ ಬಲಗೈ ಮೂಡು, ಎಡಗೈ ಸಮುದ್ರದ ಕಡೆ, ಅಂದರೆ ಪಡು. ಗುಂಡಿಯನ್ನು ತನ್ನ ಕಡೆಗೆ ಒತ್ತಿದರೆ ತೆಂಕು. ಕೈಯಿಂದ ಬೆಂಕಿ ಬರಬೇಕಾದರೆ ತೆಂಕು, ತೆಂಕುಮೂಡು, ಮೂಡು, ಗುದ್ದು. ಹುಡುಗರು ಇದನ್ನು ಮಗ್ಗಿಯ ಹಾಗೆ ಒದರುತ್ತಿದ್ದರು.

ಮೊದಲ ಪ್ರತಿಯಲ್ಲಿ ನಾನು ಜಾಣತನ ತೋರಿಸಲು ಹೋಗಿ ಅಲ್ಪವಿರಾಮಗಳನ್ನೆಲ್ಲ ತೆಗೆದುಹಾಕಿದ್ದೆ. ಮದುವೆ ಕಾಗದ ತಿದ್ದಿ ತಿದ್ದಿ ಬಂದ ಅಭ್ಯಾಸ, ಅನಾವಶ್ಯಕ ಚುಕ್ಕೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಅವರು ಅದನ್ನು ಕಣ್ಣಿನ ಓರೆಗೆ ಹಿಡಿದು ಓದಿ ನಕ್ಕರು. ಅಲ್ಪವಿರಾಮ ಇದ್ದರೆ ಒಂದಾದ ಮೇಲೆ ಒಂದು, ಕೂಡಿಸುವ ಚಿಹ್ನೆ ಇದ್ದರೆ ಎರಡೂ ಒಟ್ಟಿಗೆ. ಅದು ಹೋದರೆ ಎಲ್ಲ ಹೋಯಿತು. "ಇದರಲ್ಲಿ ಚಂದಕ್ಕೆ ಅಂತ ಎಂತದೂ ಇಲ್ಲ. ಇದ್ದದ್ದೆಲ್ಲ ಬೇಕಾಗಿಯೇ ಇರುವುದು," ಎಂದರು. ನಾನು ನಾಚಿಕೊಂಡು ಮತ್ತೆ ಟೈಪು ಮಾಡಿದೆ. ಆ ಮಾತನ್ನು ಕಿವಿಗಷ್ಟೇ ಹಾಕಿಕೊಂಡಿದ್ದೆ, ತಲೆಗಲ್ಲ ಎಂದು ಆಮೇಲೆ ಗೊತ್ತಾಯಿತು.

ಮೊದಲು ಹದಿನೆಂಟು ಪಾಯಿಂಟ್ ಇತ್ತು. ಎರಡು ತಿಂಗಳಿಗೆ ಇಪ್ಪತ್ತನಾಲ್ಕು ಕೇಳಿದರು. ಆಮೇಲೆ ಮೂವತ್ತಾರು. ಎರಡು ಹಾಳೆಯ ಪಟ್ಟಿ ಆರು ಹಾಳೆಯಾಯಿತು, ಆರು ಹನ್ನೆರಡಾಯಿತು. ನಲವತ್ತೆಂಟು ಕೇಳಿದ ದಿನ ನಾನು ಸುಮ್ಮನಿರಲಾರದೆ ಕೇಳಿಯೇಬಿಟ್ಟೆ. ಅವರು ಬಾಗಿಲ ಕಡೆ ಒಮ್ಮೆ ತಿರುಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು. ಕಣ್ಣಿನ ಒಳಗಿನ ಪರದೆ ನಡುವಿನಿಂದ ಸವೆಯುತ್ತಾ ಬರುವ ಕಾಯಿಲೆ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಯಾಗಿದೆ, ಮದ್ದಿಲ್ಲ. ಯಾವುದನ್ನು ನೋಡುತ್ತಾರೋ ಅದರ ಮೇಲೆಯೇ ಹೊಗೆ, ಸುತ್ತಲಿನದು ಮಾತ್ರ ಕಾಣುತ್ತದೆ. ಹಾಗಾಗಿ ಮೆಟ್ಟಿಲು ಹತ್ತಲಿಕ್ಕೆ, ಬಸ್ಸು ಹಿಡಿಯಲಿಕ್ಕೆ ತೊಂದರೆಯಿಲ್ಲ, ಎದುರಿಗಿದ್ದವರ ಮುಖ ಮಾತ್ರ ಇಲ್ಲ.

"ನಿಮ್ಮ ಮುಖ ನಾನು ಸರಿಯಾಗಿ ನೋಡ್ಲೇ ಇಲ್ಲ," ಎಂದರು. ತಮಾಷೆಗೆ ಹೇಳಿದ್ದು.

ಅಂಗಡಿಯ ಜಾಗ ಅವರ ಭಾವನದು, ಅಕ್ಕನ ಗಂಡನದು. ಭಾವ ಗಲ್ಫಿನಲ್ಲಿದ್ದರು. ಕಣ್ಣಿನ ಸುದ್ದಿ ತಿಳಿದರೆ ಅಂಗಡಿ ಬಿಡಿಸಿ ಮನೆಯಲ್ಲಿ ಕೂರಿಸುತ್ತಾರೆ, ಅದೂ ದ್ವೇಷದಿಂದಲ್ಲ, ಪ್ರೀತಿಯಿಂದಲೇ. "ಪ್ರೀತಿಯಿಂದ ಕೂರಿಸಿದ್ರೆ ಏಳ್ಲಿಕ್ಕೆ ಆಗುವುದಿಲ್ಲ, ಅಲ್ವಾ?" ಎಂದರು. ಭಾನುವಾರದ ಆಟ ಆಡುತ್ತಿರುವವರೆಗೆ ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನು ನಿಲ್ಲಿಸಿದ ದಿನ ಎಲ್ಲರಿಗೂ ಗೊತ್ತಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಗೆಲುವಲ್ಲ, ಅಂಗಡಿಯ ಆ ಸ್ಟೂಲು, ಆ ಬೀಗದ ಕೈ, ಬೆಳಿಗ್ಗೆ ಹತ್ತಕ್ಕೆ ತಾನೇ ಎತ್ತುವ ಶಟರು.

ಎಪ್ಪತ್ತೆರಡು ಪಾಯಿಂಟೂ ಸಾಲದಾದಾಗ ನಾವು ಓದಿ ಕೇಳಿಸುವುದಕ್ಕೆ ಇಳಿದೆವು. ಮಧ್ಯಾಹ್ನ ಎರಡು ಅಂಗಡಿಗೂ ಜನ ಇರದ ಹೊತ್ತಿನಲ್ಲಿ ಅವರು ಆಟದ ಗುಂಡಿಗಳಿರುವ ಕಂಟ್ರೋಲರ್ ಒಂದನ್ನು ಬಿಚ್ಚಿ ತಂದು ನಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಓದುವುದು, ಅವರು ಒತ್ತುವುದು. ತೆಂಕು, ತೆಂಕುಪಡು, ಪಡು, ಒದೆ. ಮೂಡು, ಮೂಡು, ಗುದ್ದು ಕೂಡಿಸು ಒದೆ. ವೈರಿನ ತುದಿ ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ನಮ್ಮ ಮಾಲೀಕರು ಒಮ್ಮೆ ನೋಡಿ, "ಎಂತ, ಜಪವಾ?" ಎಂದು ಕೇಳಿ ಹೋದರು.

ಆ ಹೊತ್ತಿಗೆ ಹೊಗೆ ಟಿ.ವಿ.ಯನ್ನೂ ಪೂರ್ತಿ ಮುಚ್ಚುವಷ್ಟು ಹರಡಿತ್ತು, ಹೊಡೆತಗಳನ್ನು ಅವರು ಕಿವಿಯಿಂದಲೇ ಗುರುತಿಸುತ್ತಿದ್ದರು. ಯಾರು ಹಾರಿದರು, ಯಾರು ಬಿದ್ದರು, ಯಾರು ತಡೆದರು, ಪ್ರತಿಯೊಂದಕ್ಕೂ ಬೇರೆ ಸದ್ದು. ಗೊತ್ತಾಗದೆ ಇದ್ದದ್ದು ಒಂದೇ, ತಾನು ಯಾವ ಬದಿಯಲ್ಲಿದ್ದೇನೆ ಎಂಬುದು. ಒಬ್ಬ ಇನ್ನೊಬ್ಬನ ತಲೆಯ ಮೇಲಿಂದ ಹಾರಿ ಆಚೆ ಇಳಿದರೆ ಇಬ್ಬರ ಬದಿಯೂ ಅದಲುಬದಲಾಗುತ್ತದೆ. ಆಗ ಪಟ್ಟಿಯಲ್ಲಿ ಮೂಡು ಎಂದಿರುವುದೆಲ್ಲ ಪಡು, ಪಡು ಎಂದಿರುವುದೆಲ್ಲ ಮೂಡು ಆಗಬೇಕು. ಕಣ್ಣಿದ್ದವರಿಗೆ ಅದು ತಾನಾಗಿ ಆಗುತ್ತದೆ. ಇವರು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಶುರುವಿಗೆ ತಾನು ಪಡು ಬದಿ, ಒಂದು ಹಾರಿಕೆಗೆ ಮೂಡು ಬದಿ, ಇನ್ನೊಂದಕ್ಕೆ ಮತ್ತೆ ಪಡು. ಎಣಿಕೆ ತಪ್ಪಿದರೆ ಗಾಳಿಗೆ ಗುದ್ದು. ಅವರದು ತಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಹೊಸ ಆಟದ ಸೀಡಿ ಬಂತು. ಹುಡುಗರು ಹಳೆಯದನ್ನು ತಿರುಗಿಯೂ ನೋಡಲಿಲ್ಲ, ಈ ಭಾನುವಾರ ಹೊಸದರಲ್ಲೇ ಆಡುವುದು ಎಂದು ಹಟ ಹಿಡಿದರು. ನಡುವೆ ಇದ್ದದ್ದು ಮೂರೇ ದಿನ. ಆ ಆಟವನ್ನು ಅವರು ಕಣ್ಣಾರೆ ನೋಡಿಯೇ ಇರಲಿಲ್ಲ. ಹೊಸ ಪಟ್ಟಿಯ ಪ್ರಿಂಟ್ ತಂದು ಕೊಟ್ಟು, ಅದರಲ್ಲಿ ಒಬ್ಬ ಕುಸ್ತಿಯವನಿದ್ದಾನಂತೆ, ಅವನ ಪಟ್ಟುಗಳನ್ನು ಮಾತ್ರ ತೆಗೆದುಕೊಡಿ ಎಂದರು. ದೂರದಿಂದ ಹೊಡೆಯುವವನಿಗೆ ಎದುರಾಳಿಯನ್ನು ಹುಡುಕಬೇಕು, ಹಿಡಿಯುವವನಿಗೆ ಆ ಕಷ್ಟ ಇಲ್ಲ, ಒಮ್ಮೆ ಕೈಗೆ ಸಿಕ್ಕರೆ ಎಲ್ಲಿದ್ದಾನೆ ಎಂದು ಗೊತ್ತೇ ಇರುತ್ತದೆ.

ಆ ವಾರ ನಮ್ಮಲ್ಲಿ ಮದುವೆ ಕಾಗದಗಳ ರಾಶಿ. ಅವಸರದಲ್ಲಿ ಪಟ್ಟಿ ಮಾಡಿದೆ. ಇಂಗ್ಲಿಷ್ ಪ್ರತಿಯಲ್ಲಿ ಕೆಲವು ಸಾಲುಗಳ ಕೊನೆಗೆ ಆವರಣದಲ್ಲಿ ಏನೇನೋ ಟಿಪ್ಪಣಿ ಇತ್ತು. ಇದಕ್ಕೆ ನೋವು ಹೆಚ್ಚು, ಇದು ನಿಧಾನ, ಅಂಥದ್ದು. ಒತ್ತುವ ಗುಂಡಿಗಳಲ್ಲವಲ್ಲ, ಅವರಿಗೇಕೆ ಎಂದು ಆವರಣಗಳನ್ನೆಲ್ಲ ಬಿಟ್ಟೆ. ಬಿಟ್ಟ ಪಟ್ಟಿಯನ್ನೇ ಮೂರು ಮಧ್ಯಾಹ್ನ ಓದಿ ಹೇಳಿದೆ. ಅವರು ಆಟದಲ್ಲೂ ಒಂದೊಂದೇ ಪಟ್ಟು ಹಾಕಿ, ತೆರೆಯ ಮೇಲಿನ ಇಬ್ಬರನ್ನೂ ಮೊದಲಿನ ಜಾಗಕ್ಕೆ ತರುವ ಗುಂಡಿ ಒತ್ತಿ, ಮುಂದಿನದನ್ನು ಹಾಕಿ ಕಲಿತರು.

ಭಾನುವಾರ ನನಗೆ ರಜೆ. ಆದರೂ ಉಳಿದ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದೆ. ಕೊನೆಯ ಆಟದ ಹೊತ್ತಿಗೆ ಅವರ ಬಾಗಿಲ ಬಳಿ, ಹುಡುಗರ ಬೆನ್ನ ಹಿಂದೆ ನಿಂತೆ. ಎದುರಿಗೆ ಕೂತವನು ಶಿರ್ವ ಕಡೆಯ ಒಬ್ಬ ಕಾಲೇಜು ಹುಡುಗ. ಬೆಂಚು ನಿಶ್ಶಬ್ದವಾಗಿತ್ತು. ಮೊದಲ ಸುತ್ತು ಅವರೇ ಗೆದ್ದರು. ನನ್ನ ಪಟ್ಟಿಯ ಸಾಲುಗಳು ಅವರ ಹೆಬ್ಬೆರಳಲ್ಲಿ ಓಡುವುದನ್ನು ನೋಡಿ ಹೆಮ್ಮೆಯಿಂದ ತುದಿಗಾಲಲ್ಲಿ ನಿಂತೆ.

ಎರಡನೇ ಸುತ್ತಿನಲ್ಲಿ ಅವರು ಹುಡುಗನನ್ನು ಹಿಡಿದು, ಭುಜದ ಮೇಲಿಂದ ಎತ್ತಿ ಹಿಂದಕ್ಕೆ ಎಸೆದರು. ಬೆಂಚು ಉಸಿರು ಬಿಟ್ಟಿತು. ಎಸೆತ ಮುಗಿದಾಗ ಎದುರಾಳಿ ಅವರ ಬೆನ್ನಿನ ಆಚೆಗೆ ಬಿದ್ದಿದ್ದ. ಬದಿ ಬದಲಾಗಿತ್ತು. ಆ ಸಾಲಿನ ಕೊನೆಯ ಆವರಣದಲ್ಲಿ ಇದ್ದ ಎರಡು ಇಂಗ್ಲಿಷ್ ಪದಗಳು ನನಗೆ ಆಗ ನೆನಪಾದವು. ಅದರ ಅರ್ಥ ಅದೇ ಆಗಿತ್ತು, ಇಬ್ಬರೂ ಬದಿ ಬದಲಿಸುತ್ತಾರೆ ಎಂದು.

ಅವರು ಮೂಡು ಒತ್ತಿದರು. ಕುಸ್ತಿಯವನು ಎದುರಾಳಿಗೆ ಬೆನ್ನು ಹಾಕಿಕೊಂಡು ಖಾಲಿ ಕಡೆಗೆ ನಡೆದ. ಮತ್ತೆ ಮೂಡು, ತೆಂಕು, ಹಿಡಿತ. ಗಾಳಿ. ಹುಡುಗ ಎದ್ದು ಹಿಂದಿನಿಂದ ಹೊಡೆಯತೊಡಗಿದ. ಪಡು ಎಂಬ ಒಂದು ಮಾತು ಹೇಳಿದರೆ ಸಾಕಿತ್ತು. ಎರಡಕ್ಷರ. ಹೇಳಿದರೆ ಆ ನಿಶ್ಶಬ್ದದಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು, ಅಂಗಡಿಯವರಿಗೇ ದಾರಿ ಹೇಳಿಕೊಡಬೇಕೇ ಎಂದು ಕೇಳುತ್ತಿದ್ದರು, ಮುಚ್ಚಿಟ್ಟದ್ದೆಲ್ಲ ನನ್ನ ಬಾಯಿಂದಲೇ ಬಯಲಾಗುತ್ತಿತ್ತು. ಹೇಳದಿದ್ದರೆ ಕಣ್ಣೆದುರೇ ಹೀಗೆ. ಹೇಳಲಿಲ್ಲ. ಅವರು ಎಣಿಕೆಯನ್ನು ಎಲ್ಲಿ ಕಳೆದುಕೊಂಡೆ ಎಂದು ಹುಡುಕುತ್ತಿದ್ದರು. ತಲೆ ಓರೆ ಮಾಡಿದರು, ಇನ್ನೊಂದು ಬದಿಗೆ ಓರೆ ಮಾಡಿದರು... ಎರಡನೇ ಸುತ್ತು ಹೋಯಿತು. ಆಮೇಲೆ ಅವರಿಗೆ ತಮ್ಮ ಎಣಿಕೆಯ ಮೇಲೆ ನಂಬಿಕೆಯೇ ಹೋಯಿತು, ಮೂರನೆಯದೂ ಹೋಯಿತು.

ಅಣ್ಣ ಬೇಕೆಂದೇ ಬಿಟ್ಟುಕೊಟ್ಟರು ಎಂದು ಯಾರೋ ತುಳುವಿನಲ್ಲಿ ಹೇಳಿದ, ಎಲ್ಲರೂ ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ಉಳಿಯುತ್ತಿತ್ತೇನೋ. ಗೆದ್ದ ಹುಡುಗ ಎದ್ದು ನಿಂತು, ಸಭ್ಯತೆಯಿಂದ, ಕೈ ಕುಲುಕಲು ಕೈ ಚಾಚಿದ. ಅವರು ಅವನ ಮುಖವಿರಬೇಕಾದ ಕಡೆ ನೋಡಿ ನಗುತ್ತಾ ಕೂತಿದ್ದರು. ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ನಗು ಒಬ್ಬೊಬ್ಬರದೇ ನಿಂತಿತು.

ಸಂಜೆ ಅವರು ನಮ್ಮ ಅಂಗಡಿಗೆ ಬಂದರು. ಕುರ್ಚಿಯಲ್ಲಿ ಕೂರಲಿಲ್ಲ.

"ನೀವು ಇವತ್ತು ಅಲ್ಲಿಗೆ ಬಂದಿದ್ರಾ? ಎಲ್ಲಿ ತಪ್ಪಿತು ಅಂತ ನೋಡಿದ್ರಾ?"

ಬಂದಿದ್ದೆ, ತಪ್ಪು ನಿಮ್ಮದಲ್ಲ, ನಾನು ಒಂದು ಟಿಪ್ಪಣಿ ಬಿಟ್ಟಿದ್ದೆ ಎಂದು ಹೇಳಬೇಕಿತ್ತು. ಇದ್ದದ್ದೆಲ್ಲ ಬೇಕಾಗಿಯೇ ಇರುವುದು ಎಂದು ಅವರು ಮೊದಲೇ ಹೇಳಿದ್ದರು. ಕೆಲಸ ಗೊತ್ತಿಲ್ಲದವಳು ಎನಿಸಿಕೊಳ್ಳುವ ಹೆದರಿಕೆಯೋ, ನಿಂತು ನೋಡಿದೆನಲ್ಲ ಎಂಬ ನಾಚಿಕೆಯೋ, ಏನೋ ಒಂದು ತಡೆಯಿತು.

"ಇಲ್ರೀ ಅಣ್ಣಾರ, ನಾ ಇಲ್ಲೇ ಇದ್ದೆ. ಪ್ರಿಂಟ್ ಭಾಳ ಇದ್ವು."

"ಹೌದಾ." ಕೌಂಟರಿನ ಗಾಜಿನ ಮೇಲೆ ಹೆಬ್ಬೆರಳು ಓಡಿಸಿದರು. "ಪಟ್ಟಿ ಸರಿ ಉಂಟಲ್ವಾ?"

"ಸರಿ ಐತ್ರೀ."

"ಹಾಗಾದ್ರೆ ನಾನೇ ತಪ್ಪಿದ್ದು. ಪಟ್ಟಿ ತಪ್ಪಿದ್ರೆ ತಿದ್ದಬಹುದಿತ್ತು. ಪಟ್ಟಿ ಸರಿ ಇದ್ದೂ ತಪ್ತದೆ ಅಂದ್ರೆ, ಇನ್ನು ನನ್ನಿಂದ ಆಗುವುದಿಲ್ಲ ಅಂತ."

ಅವರು ಅಷ್ಟು ಸಮಾಧಾನವಾಗಿ ಹೇಳಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕಣ್ಣಿನ ಸುದ್ದಿ ಗಲ್ಫಿಗೆ ಮುಟ್ಟಲು ಒಂದು ವಾರ ಹಿಡಿಯಲಿಲ್ಲ. ಭಾವ ರಜೆ ಹಾಕಿ ಬಂದರು, ಬಯ್ಯಲಿಲ್ಲ, ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು. ಅಂಗಡಿಯವರು ಒಂದು ಮಾತೂ ವಾದಿಸಲಿಲ್ಲ. ಬೇರೆ ಯಾರೋ ಅಲ್ಲಿ ಮೊಬೈಲ್ ಅಂಗಡಿ ತೆರೆದರು. ನಾಳೆ ಎಲ್ಲೂರಿಗೆ ಹೋಗಿ ನಿಜ ಹೇಳುತ್ತೇನೆ, ಬರುವ ಭಾನುವಾರ ಹೇಳುತ್ತೇನೆ ಎಂದುಕೊಂಡೆ. ಆಡಿದ ಮಾತು ಹಿಂದೆ ತೆಗೆದುಕೊಳ್ಳಲಾಗದು ಎನ್ನುತ್ತಾರೆ, ಆಡದ ಮಾತಿನ ಗತಿಯೂ ಅದೇ. ನನಗೆ ಮದುವೆಯಾಯಿತು, ಕಾರ್ಕಳ ಸೇರಿದೆ, ಮಕ್ಕಳಾದವು...

ಕಣ್ಣು ತೋರಿಸಿ ಬಂದ ಮೇಲಿನ ವಾರ ಕೊನೆಗೂ ಎಲ್ಲೂರಿನ ಬಸ್ಸು ಹತ್ತಿದೆ. ದೇವಸ್ಥಾನದ ಹತ್ತಿರ ಕೇಳಿದಾಗ, ಇಲ್ಲಿಂದ ಮೂಡಿಗೆ ನಾಲ್ಕನೇ ಮನೆ ಎಂದರು. ಬಾಗಿಲು ತೆರೆದದ್ದು ಅವರ ಅಕ್ಕ. ಯಾರೆಂದು ಹೇಳಿದ ಕೂಡಲೇ ಗುರುತು ಹಿಡಿದರು. ಒಳಗೆ ಕರೆದು, ಬೆಲ್ಲ ನೀರು ತಂದಿಟ್ಟು, ತಮ್ಮ ಹೋಗಿ ಎರಡು ವರ್ಷವಾಯಿತು ಎಂದರು. ಅಲ್ಲಿಯವರೆಗೆ ಮನೆಯ ಜಗಲಿಯಲ್ಲಿಯೇ ಕೂತಿದ್ದರಂತೆ. ಅಂಗಡಿಯ ಮಾತು ತೆಗೆದರೆ ಮಾತ್ರ ಉತ್ಸಾಹದಿಂದ ಏಳುತ್ತಿದ್ದರಂತೆ.

"ನಿಮ್ಮ ಸುದ್ದಿ ಯಾವಾಗ್ಲೂ ಹೇಳ್ತಿದ್ದ," ಎಂದರು ಅಕ್ಕ. "ಆ ಬಡಗು ಕಡೆಯವರು ಆ ದಿನ ಅಂಗಡಿಗೆ ಬರ್ಲಿಲ್ಲ ಅಕ್ಕ, ಬಂದಿದ್ರೆ ನನ್ನ ತಪ್ಪು ಎಲ್ಲಿ ಅಂತ ಹೇಳ್ತಿದ್ರು, ಅವರು ಸುಳ್ಳು ಹೇಳುವವರಲ್ಲ ಅಂತ. ನಿಮಗೆ ಕೆಲಸ ಇತ್ತಂತೆ ಅಲ್ವಾ ಆ ದಿನ?"

ಲೋಟ ನನ್ನ ಕೈಯಲ್ಲಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.

"ಹೌದ್ರೀ," ಎಂದೆ. "ಪ್ರಿಂಟ್ ಭಾಳ ಇದ್ವು."